ಎಡಗಣ್ಣಿನ ಚಿತ್ರ

“ಗದ್ದ ಇನ್ನೊಂಚೂರು ಮುಂದ ತರ್ರಿ ಅಪ್ಪಾ. ಹಣಿ ಪಟ್ಟಿಗೆ ಹತ್ತಲಿ. ಹಾಂ. ಒಳಗ ಹಸರು ದೀಪ ಕಾಣತೈತೇನು?”

“ಹಸರು,” ಎಂದ ಗುರುಸಿದ್ದಪ್ಪ ಥಟ್ಟನೆ.

ತೇಜಸ್ವಿನಿಯ ಬೆರಳು ಗುಂಡಿಯ ಮೇಲೆಯೇ ನಿಂತಿತು. ಅವಳು ದೀಪವನ್ನು ಇನ್ನೂ ಹಚ್ಚಿರಲಿಲ್ಲ.

ಈಗ ಹಚ್ಚಿದಳು. ಗದ್ದವನ್ನು ಪ್ಲಾಸ್ಟಿಕ್ ಬಟ್ಟಲಿಗೆ ಊರಿದ ಅಪ್ಪ ಕ್ಷೌರಕ್ಕೆ ಕುಳಿತವನ ಹಾಗೆ ಉಸಿರು ಬಿಗಿಹಿಡಿದಿದ್ದ. ಊಟದ ಹೊತ್ತು, ಅವಳು ಕೆಲಸ ಮಾಡುತ್ತಿದ್ದ ಹಿಮಾಯತ್‌ನಗರದ ಕಣ್ಣಿನ ಕ್ಲಿನಿಕ್ಕಿನ ಡಾಕ್ಟರು ಮನೆಗೆ ಹೋಗಿದ್ದರು. ಹೊರಗಿನ ಬೆಂಚುಗಳ ಮೇಲೆ, ಕೊರಳಿಗೆ ಕಂಪನಿಯ ಬಿಲ್ಲೆ ತೂಗುಬಿಟ್ಟುಕೊಂಡ ಸಾಫ್ಟ್‌ವೇರ್ ಮಂದಿ, ಕಂಪ್ಯೂಟರ್ ನೋಡಿ ನೋಡಿ ಒಣಗಿದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಕಾಯುತ್ತಿದ್ದರು. ಈ ಹೊಸ ಯಂತ್ರ ಬಂದದ್ದೂ ಅವರ ದೆಸೆಯಿಂದಲೇ. ಚುಚ್ಚದೆ, ಕೊಯ್ಯದೆ, ಬರೀ ಬೆಳಕು ಬಿಟ್ಟು ಕಣ್ಣಿನ ಹಿಂಬದಿಯ ಪದರಗಳನ್ನು ಬೇರೆ ಬೇರೆ ಬಣ್ಣದಲ್ಲಿ ಬಿಡಿಸಿ ತೋರಿಸುವ ಯಂತ್ರ. ಅದನ್ನಿಟ್ಟ ಕೋಣೆಗೆ ಕಿಟಕಿಯಿಲ್ಲ. ಇದ್ದೊಂದು ಬಾಗಿಲಿಗೆ ಕಪ್ಪು ಪರದೆ, ಅದಕ್ಕೆ ಬೆನ್ನು ಹಚ್ಚಿ ಅಪ್ಪನ ಕುರ್ಚಿ. ಅವನು ಏಳದೆ ಅವಳು ಹೊರಗೆ ಹೋಗುವಂತಿರಲಿಲ್ಲ.

ಬಲಗಣ್ಣಿನ ಚಿತ್ರ ಮೊದಲೇ ತೆಗೆದಾಗಿತ್ತು. ಮೇಲೆ ಹಸಿರು ಹಳದಿಯ ರೆಟಿನಾ, ನಡುವೆ ಸಣ್ಣ ತಗ್ಗು, ಅದರಡಿಗೆ ಹೊಲಿದಂತೆ ಅಂಟಿಕೊಂಡ ಕೆಂಪು ಪದರ. ಎಡಗಣ್ಣಿನದು ಮೂಡಿದಾಗ ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಸಿರಿಗೂ ಕೆಂಪಿಗೂ ನಡುವೆ ಕರ್ರಗೆ ಒಂದು ಗುಳ್ಳೆ. ನೀರು. ಹಂಚಿನ ಮೇಲಿನ ರೊಟ್ಟಿಯ ಹಾಗೆ ಮೇಲಿನ ಪದರ ಉಬ್ಬಿ ಎದ್ದಿತ್ತು.

“ಅಪ್ಪಾ, ನಾ ದೀಪ ಹಚ್ಚೂಕಿಂತ ಮೊದಲ ಹಸರು ಅಂದ್ರಿ.”

“ನೀ ಅಂದಿ, ನಾನೂ ಅಂದೆ.”

“ಇಂಜಿನ್ನಿನ್ಯಾಗೂ ಹಿಂಗ ಮಾಡತೀರೇನು?”

ರೈಲು ಓಡಿಸುವ ಗುರುಸಿದ್ದಪ್ಪ ಗದ್ದ ಎತ್ತಿದ. ಸಿಗ್ನಲ್ ಬಂತೆಂದರೆ ಡ್ರೈವರು ಅದರ ಬಣ್ಣವನ್ನು ಕೂಗಬೇಕು, ಅಸಿಸ್ಟಂಟ್ ತಾನೂ ನೋಡಿ ತಿರುಗಿ ಕೂಗಬೇಕು. ಒಬ್ಬನ ಕಣ್ಣಿಗೆ ಇನ್ನೊಬ್ಬನ ಕಣ್ಣು ಕಾವಲು. ಮಲ್ಕಾಜ್‌ಗಿರಿಯ ಕ್ವಾರ್ಟರ್ಸಿನಲ್ಲಿ ಅವನು ನಿದ್ದೆಯಲ್ಲೂ ಬಣ್ಣ ಕೂಗುವುದನ್ನು ಕೇಳುತ್ತಲೇ ಅವಳು ಬೆಳೆದಿದ್ದಳು.

“ಈಗ ಅಸಿಸ್ಟಂಟ್ ಮೊದಲ ಕೂಗತಾನ, ನಾ ಹಿಂದ ಕೂಗತೀನಿ,” ಎಂದ. “ಸಿಗ್ನಲ್ ಕಂಬ ನಡುವ ಡೊಂಕ ಕಾಣತೈತಿ ತೇಜೂ. ಎರಡೂ ಕಣ್ಣು ತೆರದ್ರ ಒಂದಕ್ಕೊಂದು ಕೂಡೂದಿಲ್ಲ. ಯಾವದು ಖರೆ ಅಂತ ತಿಳಿಯೂದ್ರಾಗ ಕಂಬ ದಾಟಿರತೈತಿ.”

“ಅವಗ ಗೊತ್ತೈತೇನು?”

“ಅಂವಾ ತನ್ನ ಕೂಗು ಕೂಗಿ ಚಾ ಕುಡಿಯಾಂವ. ಅವಗೇನು ಗೊತ್ತಾಗತೈತಿ.”

ರೈಲ್ವೆ ಆಸ್ಪತ್ರೆಯ ಡಾಕ್ಟರಿಗೆ ಮಾತ್ರ ಅನುಮಾನ ಬಂದಿತ್ತು. ಎಡಗಣ್ಣಿನ ಚಿತ್ರ ಹೊರಗೆ ತೆಗೆಸಿ ತಾ ಎಂದಿದ್ದರು.

“ಇದು ಬಹುಶಃ ಮೂರ್ನಾಕು ತಿಂಗಳದಾಗ ತಾನ ಒಣಗತೈತ್ರಿ. ಅಲ್ಲೀತನಾ ಇಂಜಿನ್ ಹತ್ತಬ್ಯಾಡ್ರಿ.”

“ತಾನ ಒಣಗೂದನ್ನ ಅವರಿಗ್ಯಾಕ ತೋರಸ್ತಿ? ಒಮ್ಮೆ ಇಳಿಸಿದ್ರ ಮತ್ತ ಹತ್ತಸ್ತಾರೇನು? ಪ್ರಾಣೇಶನ್ನ ನೋಡೀಯಿಲ್ಲ. ಡ್ರೈವರ್ ಇದ್ದಾಂವ, ಕಣ್ಣಿನ ಪರೀಕ್ಷಾದಾಗ ನಪಾಸಾಗಿ ಈಗ ಆಫೀಸಿನ್ಯಾಗ ಕುಂತು ಮಂದಿಗೆ ವಾಕಿಟಾಕಿ ಹಂಚಾಕತ್ತಾನ. ಎದುರಿಗೆ ನಮಸ್ಕಾರ, ಹಿಂದ ನಗು.” ದನಿ ತಗ್ಗಿಸಿದ. “ನೀನ ಹೇಳಿದ್ದಿಯಲ್ಲ. ಎಡಾ ಅಂತ ಒತ್ತಿ ಬಲಗಣ್ಣು ತಗದಿದ್ದೆ, ಡಾಕ್ಟರಿಗೂ ತಿಳೀಲಿಲ್ಲ ಅಂತ.”

ಹೇಳಿದ್ದಳು. ಕೆಲಸ ಹೊಸದು, ಮೇಲಿಂದ ಕೆಳಕ್ಕೆ ಗೆರೆ ಎಳೆದು ತೆಗೆದ ಚಿತ್ರದಲ್ಲಿ ಎಡ ಯಾವುದು ಬಲ ಯಾವುದು ತಿಳಿಯುವುದಿಲ್ಲ. ಊಟಕ್ಕೆ ಕುಳಿತಾಗ ನಗುನಗುತ್ತ ಹೇಳಿದ್ದಳು. ಸುಮಂತನ ವಿಷಯ ಎತ್ತುವುದಕ್ಕೆ ಮೊದಲಿನ ಮಾತು ಅದು. ಮನೆಯಲ್ಲಿ ಇನ್ನೂ ನಗುತ್ತಿದ್ದ ಕಾಲ. ಆಮೇಲೆ ಅಪ್ಪ ಅವಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. ತೆಲುಗರ ಹುಡುಗ, ಬೇರೆ ಜಾತಿ, ಹೈಟೆಕ್ ಸಿಟಿಯಲ್ಲಿ ನೌಕರಿ. ಅಪ್ಪ ಹೂಂ ಅನ್ನದೆ ಮದುವೆಯಾಗುವುದಿಲ್ಲ ಎಂದು ಸುಮಂತನಿಗೆ ಮಾತು ಕೊಟ್ಟವಳು ಅವಳೇ. ಎಷ್ಟು ದಿನ ಕಾಯಲಿ ಎಂದು ಅವನು ಕೇಳುವುದನ್ನೂ ಈಚೆಗೆ ಬಿಟ್ಟಿದ್ದ. ಅವನ ಮನೆಯವರು ಹುಡುಗಿ ನೋಡತೊಡಗಿದ್ದರು.

“ನಿಮ್ಮ ಹಿಂದ ಗಾಡಿತುಂಬ ಮಂದಿ ಇರತಾರ, ಅಪ್ಪಾ.”

“ಅದನ್ನ ನನಗ ಹೇಳಬ್ಯಾಡ.”

ಯಂತ್ರದ ಫ್ಯಾನು ಗುಂಯ್‌ಗುಡುತ್ತಿತ್ತು. ಹೊರಗೆ ಯಾರೋ ತೆಲುಗಿನಲ್ಲಿ, ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು. ಗುರುಸಿದ್ದಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ.

“ಆ ಹುಡುಗ... ಸುಮಂತ ಅಲ್ಲ ಹೆಸರು?”

ಅಪ್ಪನ ಬಾಯಲ್ಲಿ ಆ ಹೆಸರು ಮೊದಲ ಸಲ ಬಂದಿತ್ತು. ಎಲ್ಲೂ ತೊಡರದೆ ಬಂದಿತ್ತು; ಒಬ್ಬನೇ ಇದ್ದಾಗ ಅಂದು ನೋಡಿಕೊಂಡಿದ್ದನೇನೋ.

“ರವಿವಾರ ಮನಿಗೆ ಕರಕೊಂಡ ಬಾ. ಅವರ ಹಿರ್‍ಯಾರೂ ಬರಲಿ. ಹೋಳಗಿ ಮಾಡು ಅಂತ ನಿಮ್ಮವ್ವಗ ನಾನ ಹೇಳತೀನಿ.”

ಅಷ್ಟು ಹೇಳಿ ಅವನು ಮತ್ತೆ ಬಟ್ಟಲಿಗೆ ಗದ್ದ ಊರಿದ, ಹಣೆಯನ್ನು ಪಟ್ಟಿಗೆ ಒತ್ತಿದ. ಈ ಸಲ ಬೆಳಕಿನ ಎದುರಿಗೆ ತಂದದ್ದು ಬಲಗಣ್ಣನ್ನು.

ಯಂತ್ರದ ಪರದೆಯ ಮೇಲೆ ಆ ಕಣ್ಣು ತಾನಾಗಿ ಮೂಡಿತು: ಹಸಿರು, ತಗ್ಗು, ಕೆಂಪು. ಮೂಲೆಯಲ್ಲಿ ‘ಎಡ’ ಎಂಬ ಗುರುತು ಹಾಗೇ ಉಳಿದಿತ್ತು, ಅವಳು ಬದಲಿಸದಿದ್ದರಾಯಿತು. ಕ್ವಾರ್ಟರ್ಸಿನ ಹೊಸ್ತಿಲಲ್ಲಿ ಸುಮಂತ ಬೂಟು ಬಿಚ್ಚುತ್ತ ಎಲ್ಲಿಡಬೇಕೆಂದು ತೋಚದೆ ನಿಂತದ್ದು, ಅವ್ವ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಾ ಎಂದದ್ದು, ಎಲ್ಲ ಅವಳಿಗೆ ಆಗಿಹೋದುದರ ಹಾಗೆ ಕಂಡಿತು.

“ಒತ್ತವಾ,” ಎಂದ ಗುರುಸಿದ್ದಪ್ಪ, ರೆಪ್ಪೆ ಮಿಟುಕಿಸದೆ.

“ರವಿವಾರ ಬ್ಯಾಡ್ರಿ ಅಪ್ಪಾ,” ಎಂದಳು ತೇಜಸ್ವಿನಿ, ಗುಂಡಿಯಿಂದ ಬೆರಳು ತೆಗೆದು. “ಅವನ್ನ ನಾ ಕರಕೊಂಡ ಬರೂದಿಲ್ಲ.”