ಅಲುಗಾಡದ ಮಗು

ಮಕ್ಕಳಲ್ಲಿ ಯಾವುದು ಚೆಂದ ಎಂದು ಆರಿಸಿ ಬಹುಮಾನ ಕೊಡುವ ಯೋಚನೆ ಯಾವ ಪುಣ್ಯಾತ್ಗಿತ್ತಿಯ ತಲೆಗೆ ಹೊಳೆಯಿತೋ ಗೊತ್ತಿಲ್ಲ. ಅಂತೂ ಏಕೀಕರಣದ ಗದ್ದಲ ತಣ್ಣಗಾದ ಮೇಲಿನ ಒಂದು ಬೇಸಿಗೆಯಲ್ಲಿ, ಭದ್ರಾವತಿಯ ಕಾಲೊನಿಯೊಂದರ ಹೆಂಗಸರ ಸಂಘದವರು ಮುದ್ದು ಬಾಲೆಯರ ಸ್ಪರ್ಧೆ ಇಟ್ಟಿದ್ದಾರೆ ಎಂಬ ಸುದ್ದಿ ರೈಲು ಹತ್ತಿ ಶಿವಮೊಗ್ಗಕ್ಕೆ ಬಂತು. ದುರ್ಗಿಗುಡಿಯ ಜಯಶೀಲಾಳ ಕಿವಿಗೆ ಬಿದ್ದದ್ದೇ ತಡ, ಅವಳ ನಿದ್ದೆ ಹಾರಿಹೋಯಿತು.

ಜಯಶೀಲಾಗೆ ಒಂದು ಹಳೆಯ ನೋವಿತ್ತು. ಮದುವೆಗೆ ಮುಂಚೆ ಅವಳನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿಯ ಬಣ್ಣ ಕಮ್ಮಿ ಎಂದು ಹೇಳಿ ಕಳಿಸಿದ್ದರು. ಚಾಪೆಯ ಮೇಲೆ ತಲೆ ತಗ್ಗಿಸಿ ಕೂತ ಆ ಸಂಜೆಗಳು ಅವಳಿಗೆ ಮರೆತಿರಲಿಲ್ಲ. ಕೊನೆಗೆ ಜವಳಿ ಅಂಗಡಿಯ ಷಡಕ್ಷರಪ್ಪ ಒಪ್ಪಿ ಕೈಹಿಡಿದ. ಹುಟ್ಟಿದ ಮಗಳು ನೀಲಾ ಮಾತ್ರ ಬೆಣ್ಣೆಯಲ್ಲಿ ಮಾಡಿದಂತಿದ್ದಳು. ಈ ಮಗುವನ್ನು ನಾಲ್ಕು ಜನರ ಮುಂದೆ ಕೂರಿಸಬೇಕು, ಅವರ ಬಾಯಿಂದ ಚೆಂದ ಅನ್ನಿಸಬೇಕು. ಜಯಶೀಲಾಗೆ ಬೇಕಾದದ್ದು ಅಷ್ಟೇ.

ತಾಲೀಮು ಶುರುವಾಯಿತು. ಆರು ವರ್ಷದ ನೀಲಾ ಕೂತಲ್ಲಿ ಕೂರುವವಳಲ್ಲ. ಬಿದ್ದರೆ ಬೀದಿಗೆಲ್ಲ ಕೇಳುವಂತೆ ಅಳುವವಳು. ಅವಳನ್ನು ನಿಲುವುಗನ್ನಡಿಯ ಮುಂದೆ ಮಣೆ ಹಾಕಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಜಯಶೀಲಾ ನಗು ಕಲಿಸಿದಳು. ಮೊದಲು ತಾನು ಮಾಡಿ ತೋರಿಸುವಳು, ಮಗಳು ನೋಡಿ ಮಾಡುವಳು. ತುಟಿ ಇಷ್ಟೇ ಬಿರಿಯಬೇಕು, ಕತ್ತು ಚೂರೇ ವಾಲಬೇಕು, ಯಾರು ಏನೇ ಮಾಡಿದರೂ ಅಲುಗಾಡಬಾರದು. ಮೊದಮೊದಲು ಮಗು ಕಿಸಕ್ಕೆಂದು ನಕ್ಕು ಓಡಿಹೋಗುತ್ತಿತ್ತು. ಆಮೇಲಾಮೇಲೆ ಓಡುವುದು ನಿಂತಿತು. ಕರೆಯುವ ಮುಂಚೆಯೇ ಮಣೆಯ ಮೇಲೆ ಬಂದು ಕೂರತೊಡಗಿತು.

"ಏನೇ ಜಯಾ, ಮುಖದ ಮೇಲೆ ನೊಣ ಕೂತ್ರೂ ಓಡಿಸಲ್ಲ ಇದು. ನಂಗ್ಯಾಕೋ ಹೆದರಿಕೆ ಆಗ್ತದೆ ಮಾರಾಯ್ತಿ" ಎಂದರು ಅತ್ತೆ ದಾಕ್ಷಾಯಣಮ್ಮ.

"ಅದಕ್ಕೇ ಅತ್ತೆ ಅವಳು ಗೆಲ್ಲೋದು" ಎಂದಳು ಜಯಶೀಲಾ.

ಸ್ಪರ್ಧೆಯ ದಿನ ಮೊಗ್ಗಿನ ಜಡೆ ಹಾಕಿದಳು. ಬಾಳೆಪಟ್ಟೆಯ ಮೇಲೆ ಬರೀ ಮಲ್ಲಿಗೆ ಮೊಗ್ಗು ಸಾಲಾಗಿ ಕೂರಿಸಿ, ಅದನ್ನು ಮಗುವಿನ ಕೂದಲಿಗೆ ಸೂಜಿದಾರದಲ್ಲಿ ಹೊಲಿಯುತ್ತ ಬಂದಳು. ಕತ್ತಿನ ಹತ್ತಿರದ ಕೊನೆಯ ಹೊಲಿಗೆ ಹಾಕುವಷ್ಟರಲ್ಲಿ ಜಟಕಾದವನು ರೈಲು ತಪ್ಪುತ್ತದೆಂದು ಕೂಗಿಕೊಂಡ. ತಾಯಿ ಮಗಳು ಎದ್ದುಬಿದ್ದು ಹೊರಟರು.

ಭದ್ರಾವತಿಯ ಸಭಾಂಗಣದಲ್ಲಿ ವೇದಿಕೆಯ ತುಂಬ ಪುಟ್ಟ ಕುರ್ಚಿಗಳು, ಅವುಗಳ ಮೇಲೆ ರೇಷ್ಮೆ ಲಂಗದ ಪುಟ್ಟ ಹೆಣ್ಣುಮಕ್ಕಳು. ತೀರ್ಪು ಕೊಡುವ ಪ್ರೇಮಮ್ಮ ಎಂಬಾಕೆ ಒಂದೊಂದೇ ಮಗುವಿನ ಗಲ್ಲ ಎತ್ತಿ, ಎತ್ತು ಕೊಳ್ಳುವವರಂತೆ ಹಲ್ಲು ನೋಡುತ್ತಾ ಬಂದರು. ಮೂಗು ದಪ್ಪ ಎಂದು ಒಂದು ಮಗುವಿನ ಎದುರಿಗೇ ಹೇಳಿದರು. ಆ ಮಗುವಿಗೆ ಮಾತು ಅರ್ಥವಾಗುವ ವಯಸ್ಸು. ಅದು ಅಂಗೈಯಿಂದ ಮೂಗು ಮುಚ್ಚಿಕೊಂಡು ಕೂತಿತು. ಅಮ್ಮಂದಿರೆಲ್ಲ ಕೆಳಗೆ ಕೂತು ಇದನ್ನು ನೋಡುತ್ತಿದ್ದರು. ಒಬ್ಬರಾದರೂ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ವೇದಿಕೆಯ ಮಕ್ಕಳೆಲ್ಲ ಬೆಚ್ಚಿದವು. ಒಂದು ಕಿವಿ ಮುಚ್ಚಿಕೊಂಡಿತು, ಇನ್ನೊಂದು ಅಮ್ಮಾ ಎಂದು ಕಿರುಚಿ ಕುರ್ಚಿಯಿಂದ ಇಳಿಯಿತು. ನೀಲಾ ರೆಪ್ಪೆ ಕೂಡ ಬಡಿಯಲಿಲ್ಲ. ಅಷ್ಟೇ ತುಟಿ, ಅಷ್ಟೇ ವಾಲಿದ ಕತ್ತು. ಪ್ರೇಮಮ್ಮ ಅವಳ ಗಲ್ಲಕ್ಕೆ ಬೆರಳಿಟ್ಟವರು ಯಾಕೋ ತಟ್ಟನೆ ಕೈ ತೆಗೆದರು. ಆದರೂ ಬಹುಮಾನ ಅವಳಿಗೇ ಬಂತು. ಚೆಂದ, ಚೆಂದ ಎಂದು ಸಭಾಂಗಣವೆಲ್ಲ ಹೇಳಿತು. ಜಯಶೀಲಾಳ ಎದೆ ತುಂಬಿ ಬಂತು.

ಗೆದ್ದ ಮಗುವಿನ ಫೋಟೋ ತೆಗೆಯಲು ರಂಗಪ್ಪನೆಂಬ ಫೋಟೋದವನು ಕಾದಿದ್ದ. ಮೊಗ್ಗಿನ ಜಡೆಯ ಫೋಟೋ ಎಂದ ಮೇಲೆ ಹಿಂದೆ ಕನ್ನಡಿ ಇಡಲೇಬೇಕು. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. ಅವನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದವನು ಸ್ವಲ್ಪ ಹೊತ್ತಿಗೆ ಹೊರಗೆ ತೆಗೆದ.

"ತಾಯಿ, ಮಕ್ಕಳನ್ನ ಸುಮ್ಮನೆ ಕೂರಿಸೋದೇ ನಮ್ಮ ಕಷ್ಟ. ಈ ಮಗು ಉಸಿರಾದ್ರೂ ಆಡ್ತಿದ್ಯಾ, ಒಂಚೂರು ನೋಡಿ" ಎಂದ.

ಜಯಶೀಲಾ ನಗುತ್ತ ಕನ್ನಡಿಯತ್ತ ನೋಡಿದಳು. ಬಿಳಿ ಮೊಗ್ಗುಗಳ ಸಾಲಿನಲ್ಲಿ, ಕತ್ತಿನ ಹತ್ತಿರ, ಒಂದು ಕೆಂಪು ಹೂವಿತ್ತು. ತಾನು ಕನಕಾಂಬರ ಮುಡಿಸಿರಲಿಲ್ಲವಲ್ಲ ಎಂದುಕೊಂಡಳು. ನೋಡುತ್ತಿದ್ದ ಹಾಗೆಯೇ ಅದರ ಪಕ್ಕದ ಮೊಗ್ಗೂ ಮೆಲ್ಲಗೆ ಕೆಂಪಾಯಿತು. ಎದ್ದು ಹೋಗಿ ನೋಡಬಹುದಿತ್ತು, ನೋಡಬೇಕಿತ್ತು. ಆದರೆ ಮಗು ಅಷ್ಟು ಚೆಂದ ಕೂತಿತ್ತು.

"ಮೊದ್ಲು ಫೋಟೋ ಆಗಿಹೋಗ್ಲಿ" ಎಂದಳು.

ವಾಪಸು ರೈಲಿನಲ್ಲಿ ನೀಲಾ ಕಿಟಕಿಯ ಪಕ್ಕ ನೆಟ್ಟಗೆ ಕೂತಿದ್ದಳು. ಎದುರು ಸೀಟಿನ ಮುದುಕಿ ಮಗುವಿನ ನಗು ಕಂಡು ತಾನೂ ನಕ್ಕಳು. ಆ ನಗು ಎಷ್ಟು ಹೊತ್ತಾದರೂ ಇಳಿಯದ್ದನ್ನು ನೋಡಿ, ಗಂಟು ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತಳು. "ಸಾಕು ನೀಲಾ, ಈಗ ನಗಬೇಡ" ಎಂದಳು ಜಯಶೀಲಾ. ಮಗಳು ಅದೇ ಮುಖದಲ್ಲಿ ತಾಯಿಯತ್ತ ತಿರುಗಿದಳು.

ಮನೆಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಜಯಶೀಲಾ ಜಡೆ ಬಿಚ್ಚಿದಳು. ಕೊನೆಯ ಹೊಲಿಗೆಯ ಸೂಜಿ ಬಾಳೆಪಟ್ಟೆಯಲ್ಲೇ ಉಳಿದಿತ್ತು. ಅರ್ಧ ಸೂಜಿ ಮಗುವಿನ ಕತ್ತಿನೊಳಗಿತ್ತು. ಕತ್ತು ವಾಲಿಸಿದಷ್ಟೂ ಅದು ಒಳಗೆ ಹೋಗಿತ್ತು.

"ಅಯ್ಯೋ ಕಂದಾ! ಯಾಕೇ ಹೇಳ್ಲಿಲ್ಲ?"

"ಅಲುಗಾಡ್ಬಾರ್ದು ಅಂದಿದ್ಯಲ್ಲಮ್ಮ" ಎಂದಳು ನೀಲಾ, ನಗುತ್ತಲೇ.

ಸೂಜಿ ಎಳೆದು ತೆಗೆದಾಗಲೂ ಆ ನಗು ಹಾಗೇ ಇತ್ತು. ದಾಕ್ಷಾಯಣಮ್ಮ ಗಾಯಕ್ಕೆ ಅರಿಶಿನ ಒತ್ತಿದಾಗಲೂ ಹಾಗೇ ಇತ್ತು. ಜಯಶೀಲಾಗೆ ಈಗ ಬಹುಮಾನ ಬೇಡವಾಗಿತ್ತು, ಯಾರ ಹೊಗಳಿಕೆಯೂ ಬೇಡವಾಗಿತ್ತು. ಮಗಳು ಮೊದಲಿನಂತೆ ಬೀದಿಗೆಲ್ಲ ಕೇಳುವಂತೆ ಒಮ್ಮೆ ಅತ್ತುಬಿಟ್ಟರೆ ಸಾಕಿತ್ತು.

"ನೋವಾಗ್ತದಲ್ವಾ ಬಂಗಾರ? ಅತ್ತುಬಿಡೇ. ಅಳು, ನಿಂಗೆ ಕೈ ಮುಗೀತೀನಿ" ಎನ್ನುತ್ತ ಜಯಶೀಲಾ ತಾನೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ನೀಲಾ ತಾಯಿಯ ಮುಖವನ್ನು ಗಮನವಿಟ್ಟು ನೋಡಿದಳು. ತುಟಿ ಎಲ್ಲಿ ನಡುಗುತ್ತದೆ, ಹುಬ್ಬು ಎಲ್ಲಿ ಗಂಟಾಗುತ್ತದೆ, ಹೆಗಲು ಹೇಗೆ ಕುಲುಕುತ್ತದೆ, ಎಲ್ಲವನ್ನೂ ನೋಡಿದಳು. ಆಮೇಲೆ ತಾನೂ ತುಟಿ ನಡುಗಿಸಿದಳು, ಹುಬ್ಬು ಗಂಟಿಕ್ಕಿದಳು, ಹೆಗಲು ಕುಲುಕಿಸಿದಳು. ಒಂದಿಷ್ಟೂ ತಪ್ಪಿರಲಿಲ್ಲ. ದಾಕ್ಷಾಯಣಮ್ಮ ಅರಿಶಿನದ ಬಟ್ಟಲು ಕೆಳಗಿಟ್ಟು ಗೋಡೆಗೆ ಸರಿದರು.

ಮಗು ತನ್ನ ಒಣ ಕೆನ್ನೆಯನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡಿತು.

"ಕಣ್ಣಲ್ಲಿ ನೀರು ಹೆಂಗೆ ತರೋದಮ್ಮ?" ಎಂದು ಕೇಳಿತು. "ಅದನ್ನ ನೀನು ಹೇಳ್ಕೊಟ್ಟೇ ಇಲ್ಲ."