ತುರುಬಿಲ್ಲದ ತಲೆ

ಒಂಬತ್ತನೇ ತಲೆ ಒಡೆದಾಗ ತಮ್ಮಯ್ಯ ಕಣ್ಣು ಮುಚ್ಚಿಕೊಂಡ. ಮೊದಲ ಎಂಟಕ್ಕೆ ಮುಚ್ಚಿರಲಿಲ್ಲ. ಕಬ್ಬಿಣದ ಕಂಬದ ಮೇಲಿಂದ ಜಾರಿ ಬಂದ ತಲೆ ಮೆಟ್ಟಿಲುಕಲ್ಲಿನ ಅಂಚಿಗೆ ಅಪ್ಪಳಿಸಿ ತೆಂಗಿನಕಾಯಿಯಂತೆ ಬಿರಿಯಿತು. ಒಳಗಿನ ಗುಲಾಬಿ ಲೋಳೆ ಚಿಮ್ಮಿ ಅವನ ತುಟಿಗೆ ಬಡಿಯಿತು. ಬರೀ ಮಿದುಳಿನ ಬದಲಿಗೆ ತುಂಬಿದ ಅಂಟು ಅದು, ಗೊತ್ತು. ಆದರೂ ಮೂರು ಸಲ ಉಗಿದ.

ಪೋರೂರು ಕೆರೆಯ ಹಿಂದಿನ ಆ ಸಂಶೋಧನಾಲಯದಲ್ಲಿ ತಲೆ ಒಡೆಯುವುದೇ ಕೆಲಸ. ಪೆಟ್ಟು ಬಿದ್ದರೆ ಬುರುಡೆ ಎಲ್ಲಿ ಸೀಳುತ್ತದೆ, ಮಿದುಳು ಹೇಗೆ ಕದಡುತ್ತದೆ ಎಂದು ಮೂವರು ಸೇರಿ ಹುಡುಕುತ್ತಿದ್ದರು. ಡಾಕ್ಟರ್ ಕಲಾವತಿ ಗಾಯ ಓದುವವರು. ಗಿರಿಧರ್ ಇಂಜಿನಿಯರು, ತಲೆಗಳನ್ನು ಎರಕ ಹೊಯ್ಯುವವನು. ವಂದನಾ ತಮಿಳು ಹುಡುಗಿ, ಗಣಿತದವಳು, ಪೆಟ್ಟನ್ನು ಅಂಕಿ ಮಾಡುವವಳು. ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಸುತ್ತಿಗೆ ಬೀಸಿ ಬಂದ ತಮ್ಮಯ್ಯ ಹೊಡೆಯುವವನು, ಬೀಳಿಸುವವನು, ಆಮೇಲೆ ಗುಡಿಸುವವನು.

ಈ ವಾರದ ತಲೆಗೆ ಒಂದು ಹೆಸರಿತ್ತು. ಸುಗುಣಾ, ಮೂವತ್ತೊಂದು ವರ್ಷ, ಮನೆ ಅಣ್ಣಾ ನಗರ್. ಮೆಟ್ಟಿಲಿಂದ ಹಿಂದಕ್ಕೆ ಬಿದ್ದಳು ಎಂದು ಗಂಡ ಮೋಹನ್ ಹೇಳಿದ್ದ. ತಲೆಗೆ ಆಪರೇಷನ್ ಆದ ಮೂರನೇ ದಿನ ಸತ್ತಳು. ಅಡುಗೆಮನೆಯ ದೋಸೆಕಲ್ಲನ್ನು ಸೋಪು ಹಾಕಿ ಉಜ್ಜಿ ಬಿಸಿಲಿಗಿಟ್ಟಿದ್ದು ಹೆಂಗಸು ಪೇದೆಯೊಬ್ಬಳ ಕಣ್ಣಿಗೆ ಬಿತ್ತು. ಎಣ್ಣೆ ಕುಡಿದು ಪಳಗಿದ ಕಲ್ಲನ್ನು ಯಾರು ಹಾಗೆ ಉಜ್ಜುತ್ತಾರೆ? ಅನುಮಾನ ಹುಟ್ಟಿತು. ಬರೀ ಅನುಮಾನದ ಮೇಲೆ ಮನುಷ್ಯನನ್ನು ಎಷ್ಟು ದಿನ ಹಿಡಿದಿಡಲಾಗುತ್ತದೆ? ಬುರುಡೆಯ ಆ ಸೀಳು ಬಿದ್ದು ಆಗಿದ್ದೋ ಹೊಡೆದು ಆಗಿದ್ದೋ, ಸಂಜೆಯೊಳಗೆ ಹೇಳಿ ಎಂದು ಪೊಲೀಸರು ಪಟ್ಟು ಹಿಡಿದಿದ್ದರು. ಬಿದ್ದು ಆಗಿದ್ದೆಂದರೆ ಮೋಹನ್ ಮನೆಗೆ ಹೋಗುತ್ತಾನೆ.

"ಒಂಬತ್ತಕ್ಕೆ ಒಂಬತ್ತೂ ಅದೇ ಜಾಗದಲ್ಲಿ ಒಡೆದಿದೆ ತಾತಾ," ಎಂದಳು ವಂದನಾ. "ಬಿದ್ದೇ ಆಗಿರ್ಬಹುದು ಅಂತ ಬರೀಬೇಕು, ಬೇರೆ ದಾರಿ ಇಲ್ಲ."

ತಮ್ಮಯ್ಯ ಒಡೆದ ಚೂರುಗಳನ್ನು ಗುಡಿಸತೊಡಗಿದ. ನಲವತ್ತೇಳು ವರ್ಷದ ಹಿಂದೆ ಅಕ್ಕ ಶಿವಲಿಂಗಮ್ಮನನ್ನು ಬಾವಿಯಿಂದ ಎತ್ತಿ ಹಾಕಿದ್ದರು. ಭಾವನ ಮನೆಯ ಒನಕೆಗೆ ಅಂಟಿದ್ದ ಕೂದಲನ್ನು ಇವನು ಕಂಡಿದ್ದ. ಪೊಲೀಸ್ ಜಮಾದಾರ ಕೇಳಿದಾಗ ಅಪ್ಪ ಬೆನ್ನ ಹಿಂದಿನಿಂದ ಇವನ ರಟ್ಟೆ ಹಿಂಡಿದ. "ಕಾಲು ಜಾರ್ತು ಸ್ವಾಮಿ," ಎಂದು ತಮ್ಮಯ್ಯ ಸುಳ್ಳು ಹೇಳಿಬಿಟ್ಟಿದ್ದ.

ಲೋಟದಲ್ಲಿ ನೀರು ತುಂಬಿಕೊಂಡು ಹೊರಗೆ ಬಂದ. ಬೆಂಚಿನ ಮೇಲೆ ಸುಗುಣಾಳ ತಾಯಿ ಬೋರಮ್ಮ ಬೆಳಗಿನಿಂದ ಕೂತಿದ್ದಳು. ಮಳವಳ್ಳಿ ಕಡೆಯವಳು. ಮಗಳ ಬಾಣಂತನಕ್ಕೆಂದು ಕಟ್ಟಿದ್ದ ಚೀಲ ಹಿಡಿದು ಹೆಣ ನೋಡಲು ಬಂದವಳು.

"ಒಳಗೇನಣ್ಣ ಒಡೀತಿದ್ದೀರಿ? ಗೋಡೆ ಅದುರ್ತದೆ."

"ಗೊಂಬೆ ತಲೆ ಕಣವ್ವ."

"ನನ್ ಮಗಳದ್ದಾ?"

ಇನ್ನೊಂದು ಸುಳ್ಳು ಹೇಳಲಾರದೆ ಅವನು ಹೌದೆಂದು ತಲೆಯಾಡಿಸಿದ. ಬೋರಮ್ಮ ಅವನು ಕೊಟ್ಟ ಲೋಟವನ್ನು ನೆಲಕ್ಕಿಟ್ಟು ಅವನನ್ನು ದಾಟಿ ಒಳಗೆ ನುಗ್ಗಿದಳು.

"ತಾತಾ! ಅವರನ್ನ ಯಾಕ್ರೀ ಬಿಟ್ರಿ?" ಗಿರಿಧರ್ ಹೌಹಾರಿದ.

ಅವಳು ಕಂಬಕ್ಕೆ ಸಿಕ್ಕಿಸಿದ್ದ ಹತ್ತನೇ ತಲೆಯ ಮುಂದೆ ನಿಂತಿದ್ದಳು. "ಇದ್ಯಾರು?"

"ನಿಮ್ಮ ಮಗಳ ಅಳತೆದೇ ಅಮ್ಮಾ. ಸ್ಕ್ಯಾನ್ ನೋಡ್ಕೊಂಡು ಹೊಯ್ದಿದ್ದು. ಕೂದಲೆಳೆಯಷ್ಟೂ ತಪ್ಪಿಲ್ಲ."

"ಕೂದ್ಲೆಳೆ ಅಂತಾನೆ! ಕೂದ್ಲೇ ಇಲ್ವಲ್ಲಯ್ಯ! ನನ್ ಮಗಳೇನು ಬೆಟ್ಟಕ್ಕೋಗಿ ಮುಡಿ ಕೊಟ್ಟಿದ್ಲಾ? ಅವತ್ತು ಹನ್ನೊಂದು ಗಂಟೇಲಿ ಫೋನಲ್ಲಿ ಮೊಖ ತೋರ್ಸಿದ್ಲು. ಎಣ್ಣೆ ಹಾಕಿ ಹಿಂದ್ಗಡೆ ಇಷ್ಟು ದಪ್ಪ ತುರುಬು ಕಟ್ಟಿದ್ಲು. ಹನ್ನೊಂದೂವರೆಗೆ ಬಿದ್ಲಂತೆ. ಆ ತುರುಬೆಲ್ಲಿ?"

ಮೂವರೂ ಗೊಂಬೆಯತ್ತ ತಿರುಗಿದರು. ಹೆಲ್ಮೆಟ್ಟಿನ ಪರೀಕ್ಷೆಗೆಂದು ಹೊರದೇಶದವರು ಕಲಿಸಿದ ಬೋಳು ತಲೆಯನ್ನೇ ಇವರು ವರ್ಷಗಟ್ಟಲೆ ಎರಕ ಹೊಯ್ದಿದ್ದರು. ಸುಗುಣಾಳ ಫೋಟೋಗಳೆಲ್ಲ ಆಪರೇಷನ್‌ಗೆ ಬೋಳಿಸಿದ ಮೇಲಿನವು.

"ಕಡವುಳೇ, ದೇವರೇ," ಎಂದು ವಂದನಾ ಹಣೆ ಚಚ್ಚಿಕೊಂಡಳು.

"ಚವರಿ ಕೂದಲು ತರ್ತೀನಿ, ಅಂಗಡೀಲಿ ಸಿಗತ್ತೆ," ಎಂದು ಗಿರಿಧರ್ ಎದ್ದ.

"ಅದು ನೈಲಾನ್ ಕಣಪ್ಪ, ಮೆತ್ತಗೆ ಕೂರಲ್ಲ," ಎಂದರು ಕಲಾವತಿ.

ಬೋರಮ್ಮ ತನ್ನ ತಲೆಯ ಗಂಟು ಬಿಚ್ಚಿದಳು. ನರೆ ಬೆರೆತ ಜಡೆ ಸೊಂಟದವರೆಗೆ ಜಾರಿತು. "ಅವ್ಳದೂ ನನ್ ಕೂದ್ಲೇ. ಕತ್ರಿ ಕೊಡಿ."

ಕಲಾವತಿ ಬೇಡವೆನ್ನುವಷ್ಟರಲ್ಲಿ ಮೇಜಿನ ಮೇಲಿದ್ದ ಕತ್ತರಿಗೆ ಬೋರಮ್ಮ ಕೈ ಹಾಕಿದ್ದಳು. ಕರಕರ ಸದ್ದಾಯಿತು. ಬುಡದಲ್ಲಿ ಚರ್ಮ ಕಿತ್ತು ಕಿವಿಯ ಹಿಂದೆ ರಕ್ತ ಇಳಿಯಿತು. ಒರೆಸಿಕೊಳ್ಳಲಿಲ್ಲ. ಎಣ್ಣೆ ಹಚ್ಚಿ, ಮಗಳು ಕಟ್ಟುತ್ತಿದ್ದ ಹಾಗೇ ಗೊಂಬೆಗೆ ತಾನೇ ತುರುಬು ಕಟ್ಟಿದಳು.

ತಮ್ಮಯ್ಯ ಕೊಂಡಿ ಬಿಟ್ಟ. ತಲೆ ಕಲ್ಲಿಗೆ ಬಡಿಯಿತು. ದಿಂಬಿಗೆ ಗುದ್ದಿದಂಥ ಸದ್ದು. ಒಡೆಯಲಿಲ್ಲ. ಇನ್ನೊಮ್ಮೆ ಬಿಟ್ಟ. ಮತ್ತೊಮ್ಮೆ. ಆರು ಸಲವೂ ಒಡೆಯಲಿಲ್ಲ.

"ಬೀಳೋಕೆ ಇರೋ ಎತ್ತರ ಇಷ್ಟೇ, ಅದರ ಬಲಾನೂ ಇಷ್ಟೇ," ಎಂದಳು ವಂದನಾ. "ತುರುಬು ಇದ್ರೆ ಬಿದ್ದು ಒಡೆಯೋದಿಲ್ಲ."

"ಹಾಗಾದ್ರೆ ದೋಸೆಕಲ್ಲು," ಎಂದರು ಕಲಾವತಿ. ಅಂಥದೇ ಒಂದನ್ನು ತಂದಿಟ್ಟಿದ್ದರು. "ಬೋರಮ್ಮ, ನೀವು ಹೊರಗೆ..."

"ಹೋಗಲ್ಲ."

ಸ್ಪ್ರಿಂಗಿನ ಕತ್ತಿನ ಮೇಲೆ ತಲೆಯನ್ನು ನಿಲ್ಲಿಸಿದರು. ತಮ್ಮಯ್ಯ ದೋಸೆಕಲ್ಲಿನ ಅಂಚು ತಿರುಗಿಸಿ ಬೀಸಿದ. ತಲೆ ಮುಂದಕ್ಕೆ ಬಾಗಿ ತೂಗಿತು. ತುರುಬು ಅರೆ ಸೀಳಿತು, ಬುರುಡೆ ಒಡೆಯಲಿಲ್ಲ. ಇದೂ ಅಲ್ಲವಾದರೆ ಮತ್ತೇನು?

ಕಲಾವತಿ ಫೈಲು ತಿರುವಿದರು. "ಮೂಗು ಮುರಿದಿತ್ತು. ಹಣೆ ಜಜ್ಜಿತ್ತು. ಮೆಟ್ಟಿಲಲ್ಲಿ ಉರುಳಿ ಆಗಿದ್ದು ಅಂದ್ಕೊಂಡಿದ್ವಿ." ಸ್ವಲ್ಪ ತಡೆದು, "ತಮ್ಮಯ್ಯನೋರೆ, ನೆಲದ ಮೇಲೆ ಬೋರಲು ಮಲಗಿಸಿ," ಎಂದರು.

ಮಲಗಿಸಿದ. ತಾಯಿಯ ಕೂದಲು, ಮಗಳ ಬುರುಡೆ, ತನ್ನ ಕೈ. ಕೈಗೆ ಹಳೆಯ ಸುತ್ತಿಗೆಯ ಪಳಗಿಕೆ ಇತ್ತು, ಅದು ಮನಸ್ಸನ್ನು ಕೇಳುತ್ತಿರಲಿಲ್ಲ. ಹೊಡೆದ. ನೆಲಕ್ಕೆ ಒರಗಿದ ತಲೆಗೆ ಬಾಗಿ ಜಾರಲು ಎಡೆಯಿರಲಿಲ್ಲ, ಮೂಗು ನೆಲದಲ್ಲಿ ಅಪ್ಪಚ್ಚಿಯಾಯಿತು. ಬುರುಡೆ ಚಟ್ಟನೆ ಸೀಳಿ ಲೋಳೆ ಉಕ್ಕಿ ಬಂದು ಕೂದಲಿಗೆ ಮೆತ್ತಿತು. ಕಲಾವತಿ ಸ್ಕ್ಯಾನ್ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದರು. ಸೀಳಿನ ಹಾದಿ ಅದೇ, ಕವಲು ಒಡೆದ ಜಾಗವೂ ಅದೇ.

ಇನ್ನೂ ಎರಡು ತಲೆಗೆ ಆ ಕೂದಲನ್ನೇ ಕಟ್ಟಿ ಹೊಡೆಸಿದರು. ಎರಡೂ ಅದೇ ಹಾದಿಯಲ್ಲಿ ಸೀಳಿದವು.

"ಮೊದಲ್ನೇ ಏಟಿಗೆ ತಲೆ ಒಡೆದಿರ್ಲಿಲ್ವಾ?" ಬೋರಮ್ಮ ಕೇಳಿದಳು.

ಕಲಿತ ಮೂವರಿಗಿಂತ ಮೊದಲು ತಮ್ಮಯ್ಯನೇ ಹೇಳಿದ: "ಇಲ್ಲ ಕಣವ್ವ. ಮೊದಲ್ನೇದಕ್ಕೆ ಬಿದ್ದವ್ಳೆ. ಬಿದ್ದ ಮೇಲೆ ಹೊಡೆದವ್ನೆ."

ಬೋರಮ್ಮ ಬಗ್ಗಿ ದೋಸೆಕಲ್ಲನ್ನು ಎತ್ತಿದಳು. ಎರಡೂ ಕೈ ಬೇಕಾಯಿತು. ಎದೆಮಟ್ಟಕ್ಕೆ ತಂದು ಅದರ ಭಾರ ನೋಡಿದಳು.

"ಇದ್ನ ಇನ್ನೊಂದ್ಸಲ ಎತ್ತೋವಷ್ಟ್ರಲ್ಲಿ ಅವ್ನಿಗೆ ಯೋಚ್ನೆ ಮಾಡಾಕೆ ಹೊತ್ತಿತ್ತು. ಅದ್ನೂ ಬರೀರಿ."

"ಅಳೆಯದೇ ಇರೋದನ್ನ ಬರೆಯೋಕಾಗಲ್ಲಮ್ಮ," ಎಂದರು ಕಲಾವತಿ ಮೆಲ್ಲಗೆ.

"ಯೋಚ್ನೆ ಅಳೆಯೋಕಾಗಲ್ಲ, ಹೊತ್ತು ಅಳೀಬಹುದು ಮೇಡಂ." ವಂದನಾ ಕಣ್ಣೊರೆಸಿಕೊಂಡು ಗಡಿಯಾರದ ಗುಂಡಿಯ ಮೇಲೆ ಬೆರಳಿಟ್ಟಳು. "ತಾತಾ, ಎತ್ತಿ."

ತಮ್ಮಯ್ಯ ದೋಸೆಕಲ್ಲನ್ನು ಬೋರಮ್ಮನ ಕೈಯಿಂದ ಇಸಿದುಕೊಂಡು ನೆಲದ ಮಟ್ಟಕ್ಕೆ ಇಳಿಸಿದ. ಆಮೇಲೆ, ಅವಳು ನೋಡುತ್ತಿದ್ದಂತೆ, ತಲೆಯ ಮೇಲಕ್ಕೆ ಎತ್ತತೊಡಗಿದ.