ಬಿಸಿಯಲ್ಲಿ ಅಳೆದ ಪಿಸ್ಟನ್

ಕೂದಲೆಳೆ ಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಯಾರಿಗಾದರೂ ಗೊತ್ತು. ತಲೆಯ ಮೇಲೆ ಹೇಳಿಕೊಳ್ಳುವಂಥ ಕೂದಲೇನೂ ಉಳಿದಿರಲಿಲ್ಲ ಬಿಡಿ. ಜೀವಮಾನವೆಲ್ಲ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತು ‘ಇನ್ನೊಂದು ಕೂದಲೆಳೆ ತೆಗಿ’, ‘ಕೂದಲೆಳೆ ಜಾಸ್ತಿ ಹೋಯ್ತಲ್ಲೋ’ ಎಂದು ಕೆಲಸ ಕಲಿಯುವವರ ಪ್ರಾಣ ತಿಂದದ್ದಕ್ಕೆ ಅಂಟಿಕೊಂಡ ಹೆಸರು ಅದು. ಕಾರ್ಖಾನೆ ಬಿಟ್ಟ ಮೇಲೆ ಹಳೆಯ ಲೇತೊಂದನ್ನು ತಂದು ಮನೆಯ ಹಿಂದಿನ ಷೆಡ್ಡಿನಲ್ಲಿ ಕೂರಿಸಿಕೊಂಡಿದ್ದ. ಹೆಂಡತಿ ಇರುವಷ್ಟು ದಿನ ಅದನ್ನು ಸವತಿ ಎಂದೇ ಕರೆದಳು. ‘ಹೋಗಿ, ಸವತಿ ಕಾಯ್ತಿದಾಳೆ, ಎಣ್ಣೆ ಹಚ್ಚಿ ಬನ್ನಿ’ ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಮಗಳು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸಕ್ಕಿದ್ದಳು. ಸಂಜೆ ಬಂದು ನೋಡಿದರೆ ಬೆಳಿಗ್ಗೆ ಇಟ್ಟುಹೋದ ಚಹಾ ಕೆನೆಕಟ್ಟಿ ಹಾಗೇ ಕೂತಿರುತ್ತಿತ್ತು. ‘ಅಪ್ಪ, ಏಳು’ ಎಂದರೆ ‘ಎದ್ದು?’ ಎನ್ನುತ್ತಿದ್ದ. ಅವಳು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಷೆಡ್ಡಿನ ಬಾಗಿಲ ಚಿಲಕಕ್ಕೆ ತುಕ್ಕು ಹಿಡಿಯಿತು.

ಹೀಗೇ ಒಂದು ಚಳಿಗಾಲ ಕಳೆದ ಮೇಲೆ, ಅದೇನು ಹೊಳೆಯಿತೋ, ಅಪ್ಪ ತಾನಾಗಿಯೇ ಎದ್ದು ಕಪಾಟಿನಿಂದ ಹಳೆಯ ನಕ್ಷೆಯೊಂದನ್ನು ತೆಗೆದ. ಅಂಗೈಯಲ್ಲಿ ಕೂರುವಷ್ಟು ಸಣ್ಣ ಎಂಜಿನ್. ಮುಂದೆ ಒಂದು ಫ್ಯಾನು, ಮೇಲೆ ಹೆಬ್ಬೆರಳಿನಷ್ಟು ಸಿಲಿಂಡರು, ಒಳಗೆ ಕಿರುಬೆರಳ ತುದಿಯಷ್ಟು ಪಿಸ್ಟನ್. ಅದಕ್ಕೆ ಕಿಡಿ ಬೇಡ, ಬ್ಯಾಟರಿ ಬೇಡ. ಪಿಸ್ಟನ್ ಮೇಲೇರಿ ಗಾಳಿಯನ್ನು ಅಮುಕಿದರೆ ಆ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಪಿಸ್ಟನ್ ಒಂದಿಷ್ಟು ಸಡಿಲವಾದರೂ ಗಾಳಿ ಪಕ್ಕದಿಂದ ಜಾರಿಹೋಗಿ ಎಂಜಿನ್ ಸತ್ತ ಹಾಗೆ ಬಿದ್ದಿರುತ್ತದೆ. ಎಲ್ಲ ಇರುವುದೂ ಆ ಒಂದು ಜೋಡಣೆಯಲ್ಲೇ.

ಷೆಡ್ಡಿನಲ್ಲಿ ಮತ್ತೆ ಸದ್ದು ಶುರುವಾಯಿತು. ಅಪ್ಪನ ಕೈ ಸಣ್ಣಗೆ ನಡುಗುತ್ತಿತ್ತು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಬೇಕಾಗುತ್ತಿತ್ತು. ಆದರೂ ಊಟಕ್ಕೆ ಕರೆದರೆ ‘ಬಂದೆ, ಬಂದೆ’ ಎನ್ನುತ್ತ ಬಾರದೆ ಇರುವಷ್ಟು ಮನುಷ್ಯನಾಗಿದ್ದ. ತಟ್ಟೆ ಆರಿಹೋಗುತ್ತಿದ್ದರೆ ಮಗಳಿಗೆ ಒಳಗೊಳಗೇ ಖುಷಿ. ಅಮ್ಮ ಇದ್ದಿದ್ದರೆ ಸವತಿ ಗೆದ್ದಳು ಎನ್ನುತ್ತಿದ್ದಳು.

ಒಂದು ದಿನ ಊಟದ ನಡುವೆ ಅಪ್ಪ ಹೇಳಿದ, “ಇದು ಓಡಿದ್ರೆ ಇದಕ್ಕಿಂತ ದೊಡ್ಡದು ಶುರು ಮಾಡ್ತೀನಿ. ಓಡದೇ ಹೋದ್ರೆ ಷೆಡ್ಡಿಗೆ ಬೀಗ.”

“ಬೀಗ ಹಾಕಿ ಏನ್ಮಾಡ್ತೀಯ?”

“ಮಲಗ್ತೀನಿ.”

ಅಪ್ಪ ನಕ್ಕ. ಮಗಳಿಗೆ ನಗು ಬರಲಿಲ್ಲ. ಆ ಮಲಗುವುದು ಎಂಥದ್ದೆಂದು ಕಣ್ಣಾರೆ ಕಂಡವಳು ಅವಳು. ಎಂಜಿನ್ ಓಡದಿದ್ದರೆ ಅಪ್ಪ ಉಳಿಯುವುದಿಲ್ಲ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಪಿಸ್ಟನ್ ಮಾಡುತ್ತಿದ್ದ ಸಂಜೆ ಅವಳು ಕೆಲಸದಿಂದ ಬಂದು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಬೀಡುಕಬ್ಬಿಣದ ತುಂಡು ಲೇತಿನಲ್ಲಿ ಆಗಷ್ಟೇ ತಿರುಗಿ ನಿಂತಿತ್ತು. ಅದು ನಿಂತ ಕೂಡಲೇ ಅಪ್ಪ ಮೈಕ್ರೋಮೀಟರ್ ಹಿಡಿದ. ಬಿಸಿ ಇದ್ದಾಗ ಅಳೆಯಬಾರದು ಎನ್ನುವುದು ಲೇತು ಮುಟ್ಟಿದವರಿಗೆಲ್ಲ ಮೊದಲ ಪಾಠ. ಬಿಸಿಯಲ್ಲಿ ಲೋಹ ಉಬ್ಬಿರುತ್ತದೆ. ಆಗ ಅಳತೆ ನೋಡಿ ತೆಗೆದರೆ ತಣ್ಣಗಾದ ಮೇಲೆ ಕುಗ್ಗಿ ಸಡಿಲವಾಗುತ್ತದೆ. ‘ತಣ್ಣಗಾಗೋವರೆಗೂ ಹೋಗಿ ಒಂದು ಚಹಾ ಕುಡ್ಕೊಂಡು ಬಾ, ಕಬ್ಬಿಣ ಎಲ್ಲೂ ಓಡಿಹೋಗಲ್ಲ’ ಎಂದು ಅವಳಿಗೆ ಕಲಿಸಿದವನೇ ಅವನು. ಅದೇ ಅಪ್ಪ ಈಗ ಅಳತೆ ನೋಡಿ, ಇನ್ನೊಂದು ತೆಳು ಪೊರೆ ತೆಗೆದು, ಮತ್ತೆ ಅಳೆದು, ಮುಖ ಅರಳಿಸಿಕೊಂಡು ತಿರುಗಿದ.

“ನೋಡು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.”

“ಹೌದಪ್ಪ” ಎಂದಳು ಮಗಳು.

ಅಲ್ಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕಾರ್ಖಾನೆಯಲ್ಲಿ ದಿನಾ ಇನ್ನೊಬ್ಬರ ತಪ್ಪು ಹಿಡಿಯುವುದೇ ಅವಳ ಸಂಬಳದ ಕೆಲಸ. ತಪ್ಪಿದ ತುಂಡನ್ನು ಮುಲಾಜಿಲ್ಲದೆ ಪಕ್ಕಕ್ಕೆ ಎಸೆಯುತ್ತಾಳೆ. ಅಪ್ಪನ ಮುಖ ನೋಡಿ ಮಾತ್ರ ಬಾಯಿ ಕಟ್ಟಿಹೋಯಿತು. ಕನಿಕರ ಅಂದರೆ ಹಾಗೇ, ಬರುವಾಗ ಒಳ್ಳೆಯ ಮುಖ ಹೊತ್ತುಕೊಂಡೇ ಬರುತ್ತದೆ.

ಮರುದಿನ ಅಪ್ಪ ಪಕ್ಕದ ದರ್ಜಿಯ ಅಂಗಡಿಗೆ ಹರಟೆಗೆ ಹೋದಾಗ ಅವಳು ತಣ್ಣಗಿದ್ದ ಪಿಸ್ಟನ್ನನ್ನು ಸಿಲಿಂಡರಿಗೆ ಹಾಕಿ ನೋಡಿದಳು. ಎಲ್ಲೂ ತಡೆಯದೆ ಕೆಳಗಿನಿಂದ ಅಂಗೈಗೆ ಬಿತ್ತು. ಸಿಲಿಂಡರಿನ ಒಳ ಅಳತೆ ತೆಗೆದುಕೊಂಡು ಹೋಗಿ, ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಹೊಸ ಪಿಸ್ಟನ್ ಮಾಡಲು ಕೂತಳು. ಲೇತಿನವನು ಬಗ್ಗಿ ನೋಡಿ, “ಏನಮ್ಮ ಇದು, ಗೊಂಬೆ ಮನೆಗೆ ಪಂಪಾ?” ಎಂದ. ಅವಳು ನಗಲಿಲ್ಲ. ಅಪ್ಪ ಇನ್ನೊಮ್ಮೆ ದರ್ಜಿಯ ಅಂಗಡಿಗೆ ಹೋದಾಗ ಹೊಸದಕ್ಕೆ ಲೋಹ ಸವೆಸುವ ಪೇಸ್ಟ್ ಹಚ್ಚಿ ಸಿಲಿಂಡರಿನೊಳಗೆ ಉಜ್ಜಿ ಉಜ್ಜಿ ಕೂರಿಸಿದಳು. ತೊಳೆದು, ಒರೆಸಿ, ಹಳೆಯದು ಇದ್ದ ಜಾಗದಲ್ಲೇ ಇಟ್ಟಳು. ಹಳೆಯದು ಮನೆಯಲ್ಲಿದ್ದರೆ ಸಿಕ್ಕಿಬೀಳುತ್ತೇನೆಂದು ಅದನ್ನು ಕಾರ್ಖಾನೆಯ ಗುಜರಿ ಡಬ್ಬಕ್ಕೆ ಹಾಕಿಬಂದಳು. ಅಲ್ಲಿ ಬಿದ್ದದ್ದು ಕುಲುಮೆಗೆ ಹೋಗುತ್ತದೆ.

ಎಂಜಿನ್ ಓಡಿಸುವ ದಿನ ಅಪ್ಪ ದರ್ಜಿಯನ್ನೂ ಕರೆದಿದ್ದ. ಭಾಗಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದಾಗಿ ಎತ್ತಿ ಎಣ್ಣೆ ಹಚ್ಚುತ್ತಿದ್ದ. ಪಿಸ್ಟನ್ನಿನ ಸರದಿ ಬಂತು. ಕೈಗೆತ್ತಿಕೊಂಡವನು ತಡೆದ. ಅದರ ನೆತ್ತಿಯ ಮೇಲೆ ಹೆಬ್ಬೆರಳ ಉಗುರನ್ನು ನಿಧಾನವಾಗಿ ಆಡಿಸಿದ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮತ್ತೊಮ್ಮೆ ಉಗುರು ಆಡಿಸಿದ. ಆಮೇಲೆ ಅದನ್ನು ಒಳಗೆ ಕೂರಿಸಿ ಸ್ಕ್ರೂ ಬಿಗಿದ.

ಎಂಜಿನ್ನನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ, ಹರಳೆಣ್ಣೆ ಬೆರೆಸಿದ ಇಂಧನ ತುಂಬಿ, ಫ್ಯಾನಿಗೆ ಬೆರಳಿಂದ ಒಂದು ಏಟು ಕೊಟ್ಟ. ಕೆಮ್ಮಿತು. ಇನ್ನೊಂದು ಏಟಿಗೆ ಹಿಡಿದುಕೊಂಡಿತು ನೋಡಿ, ಷೆಡ್ಡಿನ ತಗಡೆಲ್ಲ ಗಡಗಡ ಎಂದಿತು. ಸುಟ್ಟ ಹರಳೆಣ್ಣೆಯ ಹೊಗೆ ತುಂಬಿಕೊಂಡಿತು. ದರ್ಜಿ ಎರಡೂ ಕಿವಿ ಮುಚ್ಚಿಕೊಂಡು ಕೂಗಿ ಹೇಳಿದ, “ಇಷ್ಟು ಸಣ್ಣದಕ್ಕೆ ಇಷ್ಟು ಬಾಯಾ? ನಮ್ಮ ಮೊಮ್ಮಗಳ ಥರಾನೇ ಇದೆಯಲ್ಲ ಮೇಸ್ತ್ರಿಗಳೇ.” ಅಪ್ಪ ಎಂಜಿನ್ನನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದ. ಇಂಧನ ಮುಗಿದು ಫ್ಯಾನು ನಿಂತಿತು. ದರ್ಜಿ ಬೆನ್ನು ತಟ್ಟಿ, ಹೊಗಳಿ, ಹೊಲಿಗೆ ಬಾಕಿ ಇದೆ ಎಂದು ಹೋದ.

“ನನ್ನ ಪಿಸ್ಟನ್ ಎಲ್ಲಿ?” ಅಪ್ಪ ಕೇಳಿದ.

“ಇದೇ ಅಲ್ವಾ ಅಪ್ಪ?”

“ಪಕ್ಕ ಎಲ್ಲ ಚೆನ್ನಾಗಿ ಉಜ್ಜಿದೀಯ. ನೆತ್ತಿ ಹಾಗೇ ಬಿಟ್ಟಿದೀಯ. ಮೆಷಿನ್ನೇ ಉಳಿ ತಳ್ಳೋ ಆಟೋ ಫೀಡ್ ಹಾಕಿ ತೆಗೆದ ಗೆರೆ ಅದು, ಒಂದೇ ಸಮ ಇದೆ. ನಾನು ಹುಟ್ಟಿದಾಗಿಂದ ಕೈಯಲ್ಲೇ ತಿರುಗಿಸಿದವನು. ಈಗಂತೂ ನನ್ನ ಕೈ ಒಂದೇ ಸಮ ಹೋಗಲ್ಲ, ನಿನಗೆ ಗೊತ್ತಿಲ್ವಾ?”

ಮಗಳು ತಲೆ ತಗ್ಗಿಸಿದಳು. “ಗುಜರಿಗೆ ಹಾಕಿದೆ. ಬಿಸಿ ಇದ್ದಾಗ ಅಳೆದಿದ್ದೆ ನೀನು. ಸಡಿಲ ಆಗಿತ್ತು.”

“ಗೊತ್ತು.”

ಅಪ್ಪ ಬೆಂಚಿನ ಖಾನೆ ಎಳೆದ. ಒಳಗೆ ಹೊಸದಾಗಿ ಕೊಯ್ದ ಬೀಡಿನ ತುಂಡೊಂದಿತ್ತು. ಎರಡೂ ತುದಿ ಅರ ಹಾಕಿ ನಯ ಮಾಡಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

“ಅವತ್ತು ರಾತ್ರಿ ಮಲಗೋ ಹೊತ್ತಿಗೇ ಹೊಳೀತು. ಥೂ, ಇಷ್ಟು ವರ್ಷಕ್ಕೆ ಇಂಥ ತಪ್ಪು ಮಾಡಿದೆನಲ್ಲ ಅಂತ ನನಗೇ ನಗು ಬಂತು. ನಿನಗೆ ಹೇಳೋಕೆ ನಾಚಿಕೆ ಆಯ್ತು. ಇವತ್ತು ನಿಮ್ಮಿಬ್ಬರ ಮುಂದೆ ಓಡಿಸಿ, ಓಡಲ್ಲ ಅಂತ ತೋರಿಸಿ, ಯಾಕೆ ಅಂತಾನೂ ಹೇಳಿ, ನಾಳೆಯಿಂದ ಇದನ್ನ ಶುರು ಮಾಡ್ಬೇಕು ಅಂತಿದ್ದೆ.”

“ಓಡದೇ ಹೋದ್ರೆ ಬೀಗ ಅಂದಿದ್ದೆ.”

“ಬಾಯಿಗೆ ಬಂದಿದ್ದು ಅಂದೆ. ನಿಮ್ಮಮ್ಮನಿಗೂ ಅಂತಿದ್ದೆ, ಅವಳು ಒಂದು ಸಲಾನಾದ್ರೂ ನಂಬಿದ್ಲಾ?” ಅಪ್ಪ ಖಾನೆ ಮುಚ್ಚಿದ. “ಕೆಲಸ ಕಲಿಯೋಕೆ ಬಂದ ಎಳಸುಗಳಿಗೂ ನಾನು ತಪ್ಪನ್ನ ಮುಖಕ್ಕೇ ಹೇಳ್ತಿದ್ದೆ. ಅವರು ಮುಂದೆ ಕಲಿತಾರೆ ಅಂತ ಹೇಳ್ತಿದ್ದೆ. ನೀನು ಹೇಳ್ಲಿಲ್ಲ.”

ಅಪ್ಪ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯಲಿಲ್ಲ. ಅಮ್ಮ ಹೊದೆಯುತ್ತಿದ್ದ ಹಳೆಯ ಕಂಬಳಿಯನ್ನು ಮನೆಯಿಂದ ತಂದು ಲೇತಿನ ಮೇಲೆ ಹಾಕಿದ. ಎಂಜಿನ್ನನ್ನು ಮಗಳ ಕೋಣೆಯ ಕಪಾಟಿನಲ್ಲಿ ಇಟ್ಟ. ಬೀಗವನ್ನೇನೂ ಹಾಕಲಿಲ್ಲ. ಮಾರನೆಯ ಸಂಜೆ ಅವಳು ಬಂದಾಗ ಬೆಳಗಿನ ಚಹಾ ಕೆನೆಕಟ್ಟಿ ಕೂತಿತ್ತು.

ಕೆಲವು ದಿನ ನೋಡಿ, ಒಂದು ರಜೆಯ ದಿನ ಅವಳೇ ಷೆಡ್ಡಿಗೆ ಹೋಗಿ ಕಂಬಳಿ ತೆಗೆದಳು. ಖಾನೆಯ ತುಂಡನ್ನು ಲೇತಿಗೆ ಕಚ್ಚಿಸಿ ಬಿಗಿದಳು. ಅಪ್ಪನ ಕೈ ಹಿಡಿದು ಎಬ್ಬಿಸಿ ಕರೆತಂದಳು. ಅವನು ತಕರಾರು ಮಾಡದೆ ಬಂದ.

“ಶುರು ಮಾಡಪ್ಪ. ಈ ಸಲ ತಪ್ಪಾದ್ರೆ ಮುಖಕ್ಕೇ ಹೇಳ್ತೀನಿ. ಅಮ್ಮನಾಣೆಗೂ ಹೇಳ್ತೀನಿ.”

ಅಪ್ಪ ತುಂಡನ್ನು ಮುಟ್ಟಿ ನೋಡಿದ. ನೇರವಾಗಿ ಕೂತಿದೆಯೇ ಎಂದು ಅದನ್ನು ಕಚ್ಚಿ ಹಿಡಿದಿದ್ದ ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಮಗಳಿಗೆ ಆಸೆ ಹುಟ್ಟಿತು.

“ಚೆನ್ನಾಗಿ ಕೂರಿಸಿದೀಯ” ಎಂದ. “ಹೇಳ್ತೀಯ, ಗೊತ್ತು. ಆದ್ರೆ ನೀನು ಸರಿ ಇದೆ ಅಂದಾಗ ನಾನು ಏನಂತ ನಂಬ್ಲಿ? ಇನ್ಮೇಲೆ ಇಲ್ಲಿ ಏನು ಓಡಿದ್ರೂ, ಇದು ನಾನು ಓಡಿಸಿದ್ದಾ ನೀನು ಓಡಿಸಿದ್ದಾ ಅಂತ ಉಗುರು ಹಾಕಿ ನೋಡ್ಬೇಕಾಗುತ್ತೆ. ಅಷ್ಟು ಶಕ್ತಿ ನನಗಿಲ್ಲಮ್ಮ.”

ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟ. ಆಮೇಲೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಮನೆಯೊಳಕ್ಕೆ ಹೋದ. ಮಂಚ ಕಿರುಗುಟ್ಟಿದ್ದು ಷೆಡ್ಡಿನವರೆಗೂ ಕೇಳಿಸಿತು.

ಮಗಳು ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಲೇತಿನಿಂದ ತುಂಡನ್ನು ಬಿಚ್ಚಿದಳು. ಲೇತು ಇನ್ನೂ ತಿರುಗಿಯೇ ಇರಲಿಲ್ಲ, ತುಂಡು ತಣ್ಣಗಿತ್ತು. ಈಗ ಅಳೆದರೆ ಅಳತೆ ಸರಿಯಾಗಿ ಬರುತ್ತಿತ್ತು.